ವಿಶ್ವಕೋಶವೂ ವಿಕಿಯೂ: ಒಂದು ಪ್ರಾಮಾಣ್ಯವಿಚಾರ

ಲೋಕದಲ್ಲಿ ತಿಳಿಯತಕ್ಕ ವಿಷಯಗಳನ್ನೆಲ್ಲ ಒಂದೆಡೆ ಕೂಡಿಸಿ, ಬೇಕಾದವರಿಗೆ ಬೇಕಾದಾಗ ದೊರೆಯುವಂತೆ ಮಾಡಬೇಕೆಂಬ ಆಸೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ರಾಜನೀತಿ, ಗಜಶಾಸ್ತ್ರ, ಪಾಕ, ಸಂಗೀತ, ವಿನೋದ ಮುಂತಾದವನ್ನೆಲ್ಲ ನೂರು ಅಧ್ಯಾಯಗಳಲ್ಲಿ ಅಳವಡಿಸಿಕೊಂಡಿದೆ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯು ಅದೇ ಕೆಲಸವನ್ನು ಕನ್ನಡ ಗದ್ಯದಲ್ಲಿ ಮಾಡಿತು. ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರವು ಅದೇ ಹಾದಿಯಲ್ಲಿ ಮತ್ತೊಂದು ಹೆಜ್ಜೆ. ಈಚಿನ ಕಾಲದಲ್ಲಿ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ಹೊರತಂದು, 2004ರಲ್ಲಿ ಹದಿನಾಲ್ಕನೆಯದನ್ನು ಮುಗಿಸಿತು. ಒಂದು ಕೋಶವು ಮುಗಿಯಲು ಮೂವತ್ತೈದು ವರ್ಷ ಹಿಡಿಯಿತೆಂದರೆ, ಮೊದಲ ಸಂಪುಟವನ್ನು ಓದಿದ ವಿದ್ಯಾರ್ಥಿಯ ಮಗನು ಕಡೆಯ ಸಂಪುಟವನ್ನು ಓದಿದನೆಂದು ಅರ್ಥ.

ಈ ಗ್ರಂಥಗಳಿಗೆಲ್ಲ ಸಮಾನವಾದ ಲಕ್ಷಣವೊಂದುಂಟು. ಪ್ರತಿಯೊಂದರ ಹಿಂದೆಯೂ ಒಬ್ಬ ಕರ್ತೃವೋ ಒಂದು ಸಂಪಾದಕ ಮಂಡಲಿಯೋ ನಿಂತಿದೆ. ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ಗೊತ್ತು. ಈಗ ಮನೆಮನೆಯ ಮಕ್ಕಳೂ ಬಳಸುತ್ತಿರುವ ವಿಕಿಯೆಂಬುದು ಇದಕ್ಕೆ ನೇರ ವಿರುದ್ಧವಾದ ಕಟ್ಟಡ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞನು 1995ರ ಮಾರ್ಚಿಯಲ್ಲಿ, ಓದುವವನೇ ತಿದ್ದಬಹುದಾದ ಪುಟಗಳ ಏರ್ಪಾಡೊಂದನ್ನು ಅಂತರಜಾಲದಲ್ಲಿ ತೆರೆದು, ‘ಬೇಗ’ ಎಂಬ ಅರ್ಥದ ಹವಾಯಿ ದ್ವೀಪದ ಮಾತನ್ನು ಅದಕ್ಕೆ ಹೆಸರಾಗಿ ಇಟ್ಟನು. ಆ ಏರ್ಪಾಡನ್ನು ಆಧರಿಸಿ 2001ರ ಜನವರಿ 15ರಂದು ಇಂಗ್ಲಿಷ್ ವಿಕಿಪೀಡಿಯವು ಹುಟ್ಟಿತು; 2003ರ ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯವು ಮೊದಲಾಯಿತು. ಇದಕ್ಕೆ ಸಂಪಾದಕರಿಲ್ಲವೆಂದರೂ ಸರಿ, ಓದುವವರೆಲ್ಲ ಸಂಪಾದಕರೆಂದರೂ ಸರಿ. ಬರೆದವರಿಗೆ ಸಂಭಾವನೆಯಿಲ್ಲ, ಓದುವವರಿಗೆ ಬೆಲೆಯಿಲ್ಲ. ಇಂಥ ಕೋಶದ ಮಾತನ್ನು ವಿದ್ಯಾರ್ಥಿಯು ನಂಬಬಹುದೇ, ಗ್ರಂಥಾಲಯವು ಅದನ್ನು ತನ್ನ ಸಾಮಗ್ರಿಯೊಳಗೆ ಸೇರಿಸಿಕೊಳ್ಳಬಹುದೇ ಎಂಬುದು ಪ್ರಕೃತ ವಿಚಾರಣೀಯವಾದ ಪ್ರಶ್ನೆ.

ಪ್ರಶ್ನೆಯು ಬರಿಯ ತರ್ಕವಿನೋದವಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರ ಬಡಾವಣೆಯ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿ ತನ್ನ ಊರಿನ ಮೇಲೆ ಹತ್ತು ಪುಟದ ಪ್ರಾಜೆಕ್ಟು ಬರೆದು ತರಲು ಹೇಳಿದರೆನ್ನಿ. ಅವಳು ತಂದೆಯ ಮೊಬೈಲನ್ನು ತೆಗೆದುಕೊಂಡು ‘ವಿಜಯನಗರ’ವೆಂದು ಹುಡುಕುವಳು. ಆ ಹೆಸರು ಹರಿಹರ ಬುಕ್ಕರ ರಾಜಧಾನಿಯದೂ ಹೌದು, ಅವರ ಸಾಮ್ರಾಜ್ಯದ್ದೂ ಹೌದು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಜಿಲ್ಲೆಯದೂ ಹೌದು. ಮೈಸೂರಿನ ಬಡಾವಣೆಯೊಂದರದೂ ಹೌದು. ಅವಸರದ ಕೈಗೆ ಮೊದಲು ಸಿಕ್ಕುವುದು ಹಂಪೆಯ ವೈಭವ. ವಿರೂಪಾಕ್ಷನ ಗೋಪುರವೂ ಕಲ್ಲಿನ ರಥವೂ ಅವಳ ಪುಟಗಳಲ್ಲಿ ಬಂದು ಕುಳಿತುಕೊಳ್ಳುವುವು. ಅವಳು ದಿನವೂ ನಡೆಯುವ ಬೀದಿಯು ಬರುವುದಿಲ್ಲ. ಬಡಾವಣೆಗೆ ಸಾಮ್ರಾಜ್ಯದ ಹೆಸರೇಕೆ ಬಂತು, ಪಕ್ಕದಲ್ಲಿ ಹಂಪಿನಗರವೇಕೆ ಇದೆ, ಅತ್ತಿಗುಪ್ಪೆ, ಹೊಸಹಳ್ಳಿ ಎಂದು ಮೆಟ್ರೊ ನಿಲ್ದಾಣಗಳ ಫಲಕಗಳಲ್ಲಿ ಉಳಿದಿರುವ ಹಳ್ಳಿಗಳು ಹೇಗಿದ್ದುವು ಎಂಬುದನ್ನು ಆಕೆ ಕೇಳದೆಯೇ ಪ್ರಾಜೆಕ್ಟು ಮುಗಿದುಹೋಗುವುದು. ಇಲ್ಲಿ ಕೋಶವು ಸುಳ್ಳು ಹೇಳಲಿಲ್ಲ. ಆದರೂ ವಿದ್ಯಾರ್ಥಿಗೆ ನಿಜವು ದೊರೆಯಲಿಲ್ಲ. ಸುಳ್ಳಿನ ಭಯಕ್ಕಿಂತ ಈ ಎರಡನೆಯ ಹಾನಿಯು ಕಡಮೆಯದೇನೂ ಅಲ್ಲ.

ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ಯಾರು ಬೇಕಾದರೂ ಬರೆಯಬಹುದಾದ ಪುಸ್ತಕವು ಯಾರಿಗೂ ಪ್ರಮಾಣವಾಗಲಾರದು, ಆದಕಾರಣ ಮಕ್ಕಳು ಅದರ ಕಡೆಗೆ ತಲೆಹಾಕಕೂಡದೆಂದು ಉಪಾಧ್ಯಾಯರಲ್ಲಿ ಕೆಲವರು ಹೇಳುವರು. ಲಕ್ಷಾಂತರ ಜನ ನೋಡುವ ಪುಟದಲ್ಲಿ ತಪ್ಪು ಉಳಿಯಲಾರದು, ಆದಕಾರಣ ಅಲ್ಲಿರುವುದೆಲ್ಲ ಸತ್ಯವೆಂದು ಮಕ್ಕಳೂ ಅವರ ತಂದೆತಾಯಂದಿರಲ್ಲಿ ಕೆಲವರೂ ನಂಬಿರುವರು. ಮೊದಲನೆಯ ಪಕ್ಷದವರು ಬಾಗಿಲನ್ನು ಮುಚ್ಚುವರು. ಎರಡನೆಯವರು ಮನೆಗೆ ಬಾಗಿಲೇ ಬೇಡವೆನ್ನುವರು. ನಿಷೇಧಿಸಿದ ಉಪಾಧ್ಯಾಯರೇ ಸಂಜೆ ತಮ್ಮ ಪಾಠದ ಟಿಪ್ಪಣಿಗೆ ಅದನ್ನು ತೆರೆಯುವುದುಂಟೆಂಬುದು ಮಕ್ಕಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅಂಥ ನಿಷೇಧದಿಂದ ಮಕ್ಕಳು ಕಲಿಯುವುದು ವಿವೇಕವನ್ನಲ್ಲ, ಮರೆಮಾಚುವುದನ್ನು.

ಶಬ್ದಪ್ರಮಾಣದ ವಿಚಾರವನ್ನು ಈ ದೇಶದ ನೈಯಾಯಿಕರೂ ಮೀಮಾಂಸಕರೂ ಬಹು ಸೂಕ್ಷ್ಮವಾಗಿ ನಡೆಸಿದ್ದಾರೆ. ಅದು ಈ ಹೊಸ ಪ್ರಶ್ನೆಗೂ ಒದಗಿಬರುತ್ತದೆ. ನ್ಯಾಯಶಾಸ್ತ್ರದ ಪ್ರಕಾರ ಆಪ್ತನ ಮಾತೇ ಪ್ರಮಾಣ. ಆದರೆ ಆಪ್ತನು ಯಾರು? ವಿಷಯವನ್ನು ತಾನು ಚೆನ್ನಾಗಿ ಕಂಡುಕೊಂಡವನಾಗಿ, ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟಪಡಿಸಿದ್ದಾನೆ. ಎಂದರೆ, ಪೀಠವಾಗಲಿ ಪದವಿಯಾಗಲಿ ಆಪ್ತತ್ವಕ್ಕೆ ಕಾರಣವಲ್ಲ. ಅರಿವೂ ಪ್ರಾಮಾಣಿಕತೆಯೂ ಕಾರಣ. ಇದನ್ನು ಒಪ್ಪಿದರೆ, ‘ಯಾರು ಬೇಕಾದರೂ ಬರೆಯುತ್ತಾರೆ’ ಎಂಬ ಆಕ್ಷೇಪವೊಂದರಿಂದಲೇ ವಿಕಿಯು ಬಿದ್ದುಹೋಗುವುದಿಲ್ಲ. ತನ್ನ ಹೊಲದ ಮಣ್ಣನ್ನು ಬಲ್ಲ ಒಕ್ಕಲಿಗನು ಆ ಮಣ್ಣಿನ ವಿಷಯದಲ್ಲಿ ಆಪ್ತನೇ ಸರಿ. ತೊಡಕಿರುವುದು ಬೇರೆಡೆಯಲ್ಲಿ: ಬರೆದವನು ಅಂಥವನೋ ಅಲ್ಲವೋ ಎಂಬುದನ್ನು ಓದುಗನು ಅರಿಯುವುದು ಹೇಗೆ?

ಇಲ್ಲಿ ಮತ್ತೊಂದು ಶಾಸ್ತ್ರಭೇದವು ಉಪಕಾರಕ್ಕೆ ಬರುತ್ತದೆ. ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧವೆಂದು ಮೀಮಾಂಸಕರು, ಅದು ಪರತಃ, ಎಂದರೆ ಬೇರೆ ಆಧಾರದಿಂದ, ಸಿದ್ಧಿಸತಕ್ಕದ್ದೆಂದು ನೈಯಾಯಿಕರು. ವಿಕಿಪೀಡಿಯದ ಪ್ರಾಮಾಣ್ಯವು ಪರತಃ ಮಾತ್ರ. ಇದು ಅದರ ಮೇಲೆ ಹೊರಗಿನವರು ಹೊರಿಸಿದ ನಿಯಮವೂ ಅಲ್ಲ. ಆ ಕೋಶದ ಸ್ವಂತ ಕಟ್ಟಳೆ. ಬರೆದ ಸಂಗತಿಗೆ ಪ್ರಕಟವಾದ ಆಧಾರವಿರಬೇಕು, ಲೇಖಕನ ಸ್ವಂತ ಸಂಶೋಧನೆಯು ಅಲ್ಲಿಗೆ ಬರಕೂಡದು, ವಿವಾದವಿದ್ದಲ್ಲಿ ಎಲ್ಲ ಪಕ್ಷಗಳನ್ನೂ ಸಮದೃಷ್ಟಿಯಿಂದ ಹೇಳಬೇಕು: ಈ ಮೂರು ಅದರ ಮೂಲಸೂತ್ರಗಳು. ಅಷ್ಟೇ ಅಲ್ಲ, ತನ್ನ ಒಂದು ಲೇಖನವನ್ನು ಇನ್ನೊಂದಕ್ಕೆ ಆಧಾರವಾಗಿ ತೋರಿಸುವುದನ್ನೂ ಅದು ಒಪ್ಪುವುದಿಲ್ಲ. ತಾನು ಸಾಕ್ಷಿಯಲ್ಲ, ಸಾಕ್ಷಿಗಳ ಮನೆಯನ್ನು ತೋರಿಸುವವನು ಮಾತ್ರ ಎಂದು ಕೋಶವೇ ಹೇಳಿಕೊಳ್ಳುತ್ತಿರುವಾಗ, ಅದನ್ನೇ ಸಾಕ್ಷಿಯೆಂದು ಕರೆತಂದು ಕಟ್ಟೆಯೇರಿಸುವುದು ಓದುಗನ ತಪ್ಪು.

ಹಳೆಯ ಗ್ರಂಥಗಳ ಸ್ಥಿತಿಯನ್ನು ಬಲ್ಲವರಿಗೆ ವಿಕಿಯ ರೀತಿ ತೀರ ಅಪರಿಚಿತವಾಗಿ ತೋರದು. ಓಲೆಗರಿಯ ಕಾಲದಲ್ಲಿ ಕಾವ್ಯವು ಪ್ರತಿಯಿಂದ ಪ್ರತಿಗೆ ಹೋಗುವಾಗ ಲಿಪಿಕಾರರು ಬಿಟ್ಟರು, ಸೇರಿಸಿದರು, ತಿದ್ದಿದರು. ಕಡೆಯ ಗರಿಯಲ್ಲಿ, ಕಂಡ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ತನ್ನದಲ್ಲವೆಂದು ಹೇಳಿ ಕೈತೊಳೆದುಕೊಂಡರು. ಯಾವ ಪದ್ಯವು ಪ್ರಕ್ಷಿಪ್ತ, ಯಾರು ಯಾವಾಗ ಸೇರಿಸಿದರು ಎಂಬುದನ್ನು ನಿರ್ಣಯಿಸಲು ಪಂಡಿತರು ಹತ್ತಾರು ಪ್ರತಿಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ದುಡಿಯಬೇಕಾಯಿತು. ಪುಣೆಯ ಭಂಡಾರಕರ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕೃತ ಪಾಠವು 1919ರಲ್ಲಿ ಮೊದಲಾಗಿ 1966ರಲ್ಲಿ ಮುಗಿಯಿತು. ವಿಕಿಯಲ್ಲಿ ಆಗುವ ಪ್ರತಿಯೊಂದು ತಿದ್ದುಪಾಟೂ ದಿನ, ಗಳಿಗೆ, ತಿದ್ದಿದವನ ಗುರುತುಗಳೊಡನೆ ‘ಇತಿಹಾಸ’ವೆಂಬ ಪುಟದಲ್ಲಿ ದಾಖಲಾಗುತ್ತದೆ; ಹಿಂದಿನ ಪಾಠಗಳು ಅಳಿಯದೆ ಹಾಗೆಯೇ ಉಳಿಯುತ್ತವೆ. ಪಕ್ಕದ ‘ಚರ್ಚೆ’ಯ ಪುಟದಲ್ಲಿ ವಾದಪ್ರತಿವಾದಗಳು ದೊರೆಯುತ್ತವೆ. ಲಿಪಿಕಾರನು ಮರೆಮಾಡಿದ್ದನ್ನು ಈ ಏರ್ಪಾಡು ಬಯಲಿಗಿಟ್ಟಿದೆ. ಲೇಖನವನ್ನು ಓದಿದವರಲ್ಲಿ ಆ ಎರಡು ಪುಟಗಳನ್ನು ತೆರೆದು ನೋಡಿದವರೆಷ್ಟು ಮಂದಿಯೆಂಬುದೇ ಕೇಳತಕ್ಕ ಮಾತು.

ಇನ್ನು ಪರೀಕ್ಷೆಯ ಮಾತು. ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯು 2005ರ ಡಿಸೆಂಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ 42 ವಿಜ್ಞಾನ ಲೇಖನಗಳನ್ನು ಬ್ರಿಟಾನಿಕ ವಿಶ್ವಕೋಶದ ಅವೇ ವಿಷಯಗಳ ಲೇಖನಗಳೊಡನೆ ತಜ್ಞರಿಂದ ಹೋಲಿಸಿ ನೋಡಿಸಿತು. ವಿಕಿಪೀಡಿಯದಲ್ಲಿ 162 ದೋಷಗಳೂ ಬ್ರಿಟಾನಿಕದಲ್ಲಿ 123 ದೋಷಗಳೂ ಕಂಡುಬಂದುವು. ಲೇಖನವೊಂದಕ್ಕೆ ಸರಾಸರಿ ನಾಲ್ಕು ಮತ್ತು ಮೂರು. ಬ್ರಿಟಾನಿಕದವರು ಮರುವರ್ಷ ಈ ಪರೀಕ್ಷೆಯ ಕ್ರಮವನ್ನೇ ಖಂಡಿಸಿದರು. ವಾದವೇನೇ ಇರಲಿ, ಹೆಸರಾಂತ ಕೋಶವೂ ನಿರ್ದೋಷವಲ್ಲ, ಎಲ್ಲರೂ ಬರೆಯುವ ಕೋಶವೂ ಕಸದ ಗುಡ್ಡೆಯಲ್ಲ ಎಂಬಷ್ಟು ಇದರಿಂದ ತಿಳಿಯಿತು. ಆದರೆ ಅದೇ ವರ್ಷ ಮತ್ತೊಂದು ಸಂಗತಿಯೂ ನಡೆಯಿತು. ಜಾನ್ ಸೈಗೆಂಥಾಲರ್ ಎಂಬ ಅಮೆರಿಕದ ಗೌರವಸ್ಥ ಪತ್ರಕರ್ತರ ಜೀವನಲೇಖನದಲ್ಲಿ, ಕೆನೆಡಿ ಸಹೋದರರ ಕೊಲೆಯಲ್ಲಿ ಅವರ ಕೈವಾಡದ ಶಂಕೆಯಿತ್ತೆಂಬ ಶುದ್ಧ ಸುಳ್ಳನ್ನು ಯಾರೋ ಸೇರಿಸಿದರು. ಅದು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ನಾಲ್ಕು ತಿಂಗಳು, ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಹಲವು ಕಣ್ಣುಗಳು ಹಾಯುವ ಪುಟವು ಬೇಗ ಶುದ್ಧವಾಗುತ್ತದೆ. ಯಾರೂ ಹಾಯದ ಪುಟದಲ್ಲಿ ಸುಳ್ಳು ನೆಮ್ಮದಿಯಾಗಿ ಸಂಸಾರ ಹೂಡುತ್ತದೆ. ಕೋಶವೊಂದೇ ಆದರೂ ಪುಟಪುಟಕ್ಕೆ ಪ್ರಾಮಾಣ್ಯವು ಬೇರೆಯೆಂಬುದು ಇದರ ತಾತ್ಪರ್ಯ.

ಇಲ್ಲಿಯೇ ಕನ್ನಡಿಗನು ಎಚ್ಚರವಹಿಸಬೇಕು. ಇಂಗ್ಲಿಷ್ ವಿಕಿಪೀಡಿಯಕ್ಕೆ ದೊರೆತ ಪ್ರಶಸ್ತಿಯನ್ನು ಕನ್ನಡ ವಿಕಿಪೀಡಿಯಕ್ಕೆ ಅತಿದೇಶ ಮಾಡಲಾಗದು. 2011ರ ಜನಗಣತಿಯಲ್ಲಿ ಕನ್ನಡವು ತಾಯ್ನುಡಿಯೆಂದು ಬರೆಯಿಸಿದವರು ಸುಮಾರು 4 ಕೋಟಿ 37 ಲಕ್ಷ. ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರಕ್ಕೆ ಮಿಕ್ಕಿವೆ. ಇಂಗ್ಲಿಷಿನವು ಸುಮಾರು 70 ಲಕ್ಷ. ನಿಯತವಾಗಿ ಬರೆದು ತಿದ್ದುವ ಕನ್ನಡಿಗರು ಬೆರಳೆಣಿಕೆಗೆ ಸ್ವಲ್ಪ ಮೇಲೆ. ಆ ಕೆಲವರ ಪರಿಶ್ರಮವನ್ನು ಎಷ್ಟು ಕೊಂಡಾಡಿದರೂ ಸಾಲದು; ಆದರೆ ಕಾಯುವ ಕಣ್ಣು ಕಡಮೆಯಾದ ಹೊಲದಲ್ಲಿ ಕಳೆ ಹೆಚ್ಚುವುದು ಸಹಜ. ಒಮ್ಮೆ ಬರೆದಿಟ್ಟ ಲೇಖನವು ಮರುಕೈ ಕಾಣದೆ ವರ್ಷಗಟ್ಟಲೆ ನಿಂತಿರುವುದುಂಟು.

ಕಳೆಯ ಒಂದು ಭಾಗವು ಭಾಷೆಗೇ ಸಂಬಂಧಿಸಿದುದು. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಮುಂತಾದ ಭಾಷೆಗಳಿಗೆ ತರಿಸುವ ಯೋಜನೆಯೊಂದನ್ನು ನಡೆಸಿತು. ಲೇಖನಗಳ ಗಾತ್ರವೂ ಸಂಖ್ಯೆಯೂ ಬೆಳೆದುವು, ಭಾಷೆ ಬೆಳೆಯಲಿಲ್ಲ. ಬಂಗಾಳಿಗಳು ಅಂಥ ಲೇಖನಗಳು ತಮಗೆ ಬೇಡವೆಂದರು. ಕನ್ನಡದಲ್ಲಿ ಆ ಜಾತಿಯ ಗದ್ಯವನ್ನು ಗುರುತಿಸುವುದು ಕಷ್ಟವಲ್ಲ. ಪ್ರತಿಯೊಂದು ನಾಮಪದದ ಹಿಂದೆಯೂ ಅನಾವಶ್ಯಕವಾದ ‘ಒಂದು’ ಎಂಬ ಮಾತು, ಪ್ರತಿಯೊಂದು ಕ್ರಿಯೆಗೂ ‘ಪಟ್ಟಿತು’ ಎಂಬ ಬಾಲ, ಕರ್ತೃವಿನಿಂದ ಕ್ರಿಯಾಪದಕ್ಕೆ ತಲಪುವಷ್ಟರಲ್ಲಿ ಉಸಿರು ಕಟ್ಟುವಷ್ಟು ದೂರ. ಪದಗಳೆಲ್ಲ ಕನ್ನಡ, ವಾಕ್ಯವು ಮಾತ್ರ ಕನ್ನಡವಲ್ಲ. ಸಂಗತಿಯ ತಪ್ಪನ್ನು ಮುಂದೆ ತಿದ್ದಿಕೊಳ್ಳಬಹುದು. ಹದಿನಾಲ್ಕು ವಯಸ್ಸಿನಲ್ಲಿ ಕಿವಿಗೆ ಹತ್ತಿದ ಕೆಟ್ಟ ವಾಕ್ಯದ ಲಯವನ್ನು ತಿದ್ದುವುದು ಬಹು ಪ್ರಯಾಸದ ಕೆಲಸ. ಮಗುವಿನ ಕೈಗೆ ಕೋಶವನ್ನು ಕೊಡುವ ಮನೆಯವರು ಸುಳ್ಳನ್ನು ಕುರಿತು ಎಷ್ಟು ಅಂಜುವರೋ ಅಷ್ಟೇ ಈ ವಿಷಯಕ್ಕೂ ಅಂಜಬೇಕು.

ಮತ್ತೊಂದು ದೋಷವನ್ನು ತಾರ್ಕಿಕರು ಬಹುಕಾಲದ ಹಿಂದೆಯೇ ಹೆಸರಿಸಿದ್ದಾರೆ: ಅನ್ಯೋನ್ಯಾಶ್ರಯ, ಅದು ಸುತ್ತು ಬಳಸಿ ಬಂದರೆ ಚಕ್ರಕ. ಆಧಾರವಿಲ್ಲದ ಒಂದು ಮಾತನ್ನು ಯಾರೋ ವಿಕಿಯಲ್ಲಿ ಬರೆಯುವರು, ಅವಸರದ ಪತ್ರಿಕಾಲೇಖಕನು ಅದನ್ನೆತ್ತಿ ಅಚ್ಚು ಹಾಕಿಸುವನು, ಅಚ್ಚಾದುದರಿಂದ ಅದೀಗ ‘ಪ್ರಕಟವಾದ ಆಧಾರ’ವಾಗುವುದು, ವಿಕಿಯವರು ಆ ಪತ್ರಿಕೆಯನ್ನೇ ಆಧಾರವೆಂದು ಅಡಿಟಿಪ್ಪಣಿಯಲ್ಲಿ ತೋರಿಸುವರು. ಹಾವು ತನ್ನ ಬಾಲವನ್ನು ನುಂಗಿದ ಹಾಗಾಯಿತು. 2022ರ ಕೊನೆಯಿಂದ ಬಳಕೆಗೆ ಬಂದಿರುವ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಈ ಚಕ್ರವನ್ನು ಇನ್ನೂ ವೇಗವಾಗಿ ತಿರುಗಿಸಬಲ್ಲುವು. ಆ ಯಂತ್ರಗಳು ಕಲಿತ ಪಾಠಗಳಲ್ಲಿ ವಿಕಿಪೀಡಿಯವೂ ಒಂದು. ಯಂತ್ರವು ವಿಕಿಯಿಂದ ಕಲಿತು ಹೇಳಿದ್ದನ್ನು ವಿದ್ಯಾರ್ಥಿಯು ಬರೆದುಕೊಂಡು, ಮರಳಿ ವಿಕಿಗೇ ಸೇರಿಸಿದರೆ, ತಪ್ಪು ಯಾವ ಊರಿನಲ್ಲಿ ಹುಟ್ಟಿತೆಂಬುದನ್ನು ಹೇಳುವವರಿರುವುದಿಲ್ಲ. ವಿಕಿಯಲ್ಲಾದರೋ ಅಡಿಟಿಪ್ಪಣಿಯೆಂಬ ದಾರದ ತುದಿಯು ಕೈಗೆ ಸಿಕ್ಕುತ್ತದೆ. ಯಂತ್ರದ ಉತ್ತರದಲ್ಲಿ ಎಷ್ಟೋ ವೇಳೆ ಅದೂ ಇರುವುದಿಲ್ಲ. ಈ ಹೊಸ ಕಾಲದಲ್ಲಿ ವಿಕಿಯ ಬೆಲೆ ಇಳಿಯುವ ಬದಲು ಏರಿದೆಯೆಂದರೆ ವಿರೋಧಾಭಾಸವಲ್ಲ.

ಬೇಗವೆಂಬ ಹೆಸರಿಗೆ ತಕ್ಕ ಗುಣವು ವಿಕಿಯಲ್ಲಿದೆ. ಅದರೊಡನೆ ತಕ್ಕ ಅಪಾಯವೂ ಇದೆ. ವಿಜಯನಗರಕ್ಕೆ ಮೆಟ್ರೊ ರೈಲು 2015ರ ನವೆಂಬರಿನಲ್ಲಿ ಬಂತು. ಕೆಂಗೇರಿಯವರೆಗೆ 2021ರ ಆಗಸ್ಟಿನಲ್ಲಿ, ಚಲ್ಲಘಟ್ಟದವರೆಗೆ 2023ರ ಅಕ್ಟೋಬರಿನಲ್ಲಿ ಮುಂದುವರಿಯಿತು. 2004ರಲ್ಲಿ ಮುಗಿದ ಮುದ್ರಿತ ಕೋಶದಲ್ಲಿ ಇವು ಇರುವುದು ಸಾಧ್ಯವಿಲ್ಲ. ವಿಕಿಯಲ್ಲಿ ಅದೇ ದಿನ ಸೇರಿಸಬಹುದು. ಆದರೆ ಶಾಸನದ ವಿಷಯವು ರೈಲಿನ ವಿಷಯದಂತಲ್ಲ. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನವು ಕನ್ನಡದ ಅತ್ಯಂತ ಹಳೆಯ ಶಾಸನವೆಂದು ತಲೆಮಾರುಗಳ ಪಠ್ಯಪುಸ್ತಕಗಳು ಹೇಳಿದುವು. ಅದರ ಕಾಲವನ್ನು ವಾಡಿಕೆಯಾಗಿ ಕ್ರಿ.ಶ. 450ರ ಸುಮಾರೆಂದು ಎಣಿಸುತ್ತಾರೆ. ಬಳಿಕ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಪುರಾತತ್ತ್ವ ಇಲಾಖೆಯವರು 2013ರಲ್ಲಿ ಸಿಂಹಕಟಾಂಜನದ ಶಾಸನವನ್ನು ಕಂಡು, ಅದು ಕ್ರಿ.ಶ. 370ರದೆಂದು ಹೇಳಿದರು. ಹಳೆಯ ಪುಸ್ತಕವು ಈ ಸುದ್ದಿಯನ್ನು ಎಂದಿಗೂ ಹೇಳಲಾರದು. ಅದು ಅದರ ಕೊರತೆ. ವಿಕಿಯ ಬರಹಗಾರನು ಉತ್ಸಾಹದಿಂದ ಒಂದು ಸಾಲನ್ನು ಅಳಿಸಿ ಇನ್ನೊಂದನ್ನು ಬರೆದು, ಲಿಪಿಯ ಕಾಲನಿರ್ಣಯದಲ್ಲಿ ವಿದ್ವಾಂಸರು ಇನ್ನೂ ಆಡಬಹುದಾದ ಮಾತುಗಳಿಗೆ ಎಡೆಯಿಲ್ಲದಂತೆ ಮಾಡಿದರೆ ಅದು ಇದರ ಕೊರತೆ. ಹೊಸದನ್ನು ಬೇಗ ಹೇಳುವುದು ಗುಣ. ಸಂದಿಗ್ಧವನ್ನು ಬೇಗ ನಿಶ್ಚಯವಾಗಿಸುವುದು ದೋಷ.

ಹರಿಹರ ಬುಕ್ಕರ ಮೂಲದ ವಿಷಯವೂ ಹೀಗೆಯೇ. ಅವರು ಹೊಯ್ಸಳರ ಸಂಬಂಧದ ಕನ್ನಡಿಗರೆಂದು ಹೇರಾಸ್, ಸಾಲೆತೊರೆ ಮುಂತಾದವರು ವಾದಿಸಿದರು. ಕಾಕತೀಯರ ಸೇವೆಯಲ್ಲಿದ್ದ ತೆಲುಗರೆಂದು ವೆಂಕಟರಮಣಯ್ಯ, ನೀಲಕಂಠ ಶಾಸ್ತ್ರಿ ಮುಂತಾದವರು ವಾದಿಸಿದರು. ಇಂಥ ಲೇಖನವನ್ನು ಭಾಷಾಭಿಮಾನದ ಕೈಗಳು ಎಡಕ್ಕೂ ಬಲಕ್ಕೂ ಎಳೆಯುವುದು ಆಶ್ಚರ್ಯವಲ್ಲ. ಬಲ್ಲ ಉಪಾಧ್ಯಾಯನಿಗೆ ಇದು ಉಪದ್ರವವಲ್ಲ, ಉಪಕರಣ. ಒಂದೇ ವಿಷಯವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬಲ್ಲವರಿದ್ದರೆ ತೆಲುಗಿನಲ್ಲಿಯೂ ಓದಿಸಿ, ಎಲ್ಲಿ ಏನು ಹೆಚ್ಚಾಯಿತು, ಏನು ಬಿಟ್ಟುಹೋಯಿತು ಎಂದು ಮಕ್ಕಳಿಂದಲೇ ಹೇಳಿಸಿದರೆ, ಇತಿಹಾಸವೆಂಬುದು ಬಾಯಿಪಾಠದ ಇಸವಿಗಳ ಪಟ್ಟಿಯಲ್ಲ, ಸಾಕ್ಷ್ಯವಿಚಾರಣೆಯೆಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳಿ ಅನಂತರ ಸಿದ್ಧಾಂತಕ್ಕೆ ಬರುತ್ತಿದ್ದ ಪಾಠಶಾಲೆಗಳ ಕ್ರಮವು ಬೇರೇನೂ ಅಲ್ಲ.

ಹಾಗಾದರೆ ವಿದ್ಯಾರ್ಥಿಯ ಧರ್ಮವೇನು? ಲೇಖನವನ್ನು ಮೊದಲು ಪೂರ್ತಿಯಾಗಿ ಓದಬೇಕು. ಅದರ ಅಡಿಟಿಪ್ಪಣಿಗಳು ಯಾವ ಪುಸ್ತಕಗಳನ್ನು ತೋರಿಸುತ್ತವೆಂದು ಗುರುತು ಮಾಡಿಕೊಳ್ಳಬೇಕು. ಅವುಗಳಲ್ಲಿ ಒಂದನ್ನಾದರೂ ಹುಡುಕಿ ಕಣ್ಣಾರೆ ನೋಡಬೇಕು. ಇತಿಹಾಸದ ಪುಟವನ್ನೂ ಚರ್ಚೆಯ ಪುಟವನ್ನೂ ತೆರೆಯಬೇಕು. ಬರೆಯುವಾಗ ಮೂಲವನ್ನು ಬದಿಗಿಟ್ಟು ತನ್ನ ಮಾತಿನಲ್ಲಿ ಬರೆಯಬೇಕು. ವಿಕಿಯ ಬರಹವನ್ನು ಯಾರು ಬೇಕಾದರೂ ಮೂಲವನ್ನು ಹೇಳಿ ಬಳಸಬಹುದೆಂಬ ಅನುಮತಿಯಿದೆ. ಮೂಲವನ್ನು ಮರೆಸಿ ತನ್ನದೆಂದು ಹೇಳಿಕೊಳ್ಳುವ ಅನುಮತಿಯಿಲ್ಲ. ಶಬ್ದಹರಣ, ಅರ್ಥಹರಣಗಳೆಂದು ಕಳವಿನ ಬಗೆಗಳನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅಧ್ಯಾಯಗಟ್ಟಲೆ ವಿಂಗಡಿಸಿದ್ದಾನೆ. ಅವನು ಕಾಣದ ಬಗೆಯೊಂದು ಈಗ ಬಂದಿದೆ: ಕದ್ದವನು ಕದ್ದದ್ದನ್ನು ಓದಿಯೂ ಇರುವುದಿಲ್ಲ.

ಅಡಿಟಿಪ್ಪಣಿಯು ತೋರಿಸಿದ ಪುಸ್ತಕವನ್ನು ಹುಡುಕಿ ನೋಡಬೇಕೆಂದರೆ ಪುಸ್ತಕವು ಎಲ್ಲಿಯಾದರೂ ಇರಬೇಕಷ್ಟೆ. ಗ್ರಂಥಾಲಯದ ಪಾತ್ರವು ಇಲ್ಲಿ ಮೊದಲಾಗುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು 1965ರಲ್ಲಿ ಆಯಿತು. ಮನೆಕಂದಾಯದೊಡನೆ ಗ್ರಂಥಾಲಯದ ಕರವನ್ನು ಪೌರರು ತೆರುತ್ತಿದ್ದಾರೆ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿಯೇ ಆ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ ಕಡೆಯವರೆಗೂ ಇಲ್ಲಿ ನೆಲಸಿದ್ದರು. ಗ್ರಂಥಾಲಯವು ಬೆಳೆಯುವ ಜೀವವೆಂಬ ಅವರ ಮತವನ್ನು ಒಪ್ಪುವವರು, ವಿಕಿ ಬಂದುದರಿಂದ ಗ್ರಂಥಾಲಯದ ಕೆಲಸ ಮುಗಿಯಿತೆಂದು ಹೇಳಲಾರರು. ದಾರಿ ತೋರಿಸುವವನು ಹೆಚ್ಚಿದಷ್ಟೂ ಮನೆಯನ್ನು ತೆರೆದಿಡುವವನ ಅಗತ್ಯವು ಹೆಚ್ಚುತ್ತದೆ. ಹಂಪಿನಗರದಂಥ ಬಡಾವಣೆಯ ಗ್ರಂಥಾಲಯಗಳಲ್ಲಿ ಸ್ಪರ್ಧಾಪರೀಕ್ಷೆಗಳಿಗೆ ಓದುವ ಯುವಕರಿಗೆ ಕುರ್ಚಿಗಳು ಬೇಕೇ ಬೇಕು. ಅದರೊಡನೆ ವಿಕಿಯ ಲೇಖನವನ್ನು ಒಂದು ಕಡೆಯಲ್ಲಿಯೂ ಅದು ಉದಾಹರಿಸಿದ ಗ್ರಂಥವನ್ನು ಇನ್ನೊಂದು ಕಡೆಯಲ್ಲಿಯೂ ಇಟ್ಟು ಹೋಲಿಸಲು ಒಂದು ಮೇಜು ಬೇಕು. ಅಂತರಜಾಲವು ಸರಿಯಾಗಿ ಬಾರದ ಹಳ್ಳಿಯ ಗ್ರಂಥಾಲಯಗಳಲ್ಲಿಯೂ ವಿಕಿಪೀಡಿಯವನ್ನು ಒಮ್ಮೆಗೇ ಇಳಿಸಿಟ್ಟುಕೊಂಡು ಓದಿಸುವ ಕಿವಿಕ್ಸ್ ಎಂಬ ಸಾಧನವು ಬೆಲೆಯಿಲ್ಲದೆ ದೊರೆಯುತ್ತದೆ.

ಮುದ್ರಿತ ಕೋಶಕ್ಕೂ ವಿಕಿಗೂ ವೈರವಿರಬೇಕಾಗಿಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ಒಳ್ಳೆಯ ಸಾಕ್ಷಿಯಿದೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತವಾಗಿ ಬಳಸುವ ಪರವಾನಗಿಯಲ್ಲಿ ಬಿಡುಗಡೆ ಮಾಡಲು 2014ರಲ್ಲಿ ಮುಂದಾಯಿತು; ಅವುಗಳ ಲೇಖನಗಳು ವಿಕಿಯ ಸೋದರ ಭಂಡಾರವಾದ ಕನ್ನಡ ವಿಕಿಸೋರ್ಸಿಗೆ ಬಂದುವು. ಕಪಾಟಿನಲ್ಲಿ ಧೂಳು ಹಿಡಿಯಬಹುದಾಗಿದ್ದ ಪಂಡಿತರ ದುಡಿಮೆಯು ದೂರದೂರದ ಮಕ್ಕಳಿಗೂ ದಕ್ಕುವಂತಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಕನ್ನಡ, ಸಂಸ್ಕೃತ ಮುಂತಾದ ಭಾಷೆಗಳನ್ನು ಓದುವ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಬರೆಯಿಸುವ ಕ್ರಮವು ನಡೆಯಿತು. ಹೀಗೆ ಬಂದ ಬರಹವೆಲ್ಲ ಉತ್ತಮವಾಗಿತ್ತೆಂದು ಹೇಳಬೇಕಾಗಿಲ್ಲ. ಅಂಕಕ್ಕಾಗಿ ಬರೆದದ್ದರಲ್ಲಿ ಅಂಕದ ಗಾತ್ರವೇ ಇರುವುದುಂಟು. ಆದರೂ ತಾನು ಬರೆದ ವಾಕ್ಯಕ್ಕೆ ‘ಆಧಾರವೆಲ್ಲಿ?’ ಎಂದು ಅಪರಿಚಿತನೊಬ್ಬನು ಕೇಳಿದ ಅನುಭವವು ಹುಡುಗನಿಗೆ ಒಮ್ಮೆಯಾದರೆ, ಮುಂದೆ ಇತರರ ವಾಕ್ಯವನ್ನು ಓದುವಾಗ ಅದೇ ಪ್ರಶ್ನೆಯು ಅವನಲ್ಲಿ ತಾನಾಗಿ ಏಳುತ್ತದೆ. ವಿದ್ಯೆಯ ಫಲಗಳಲ್ಲಿ ಇದಕ್ಕಿಂತ ದೊಡ್ಡದು ಅಪರೂಪ.

ಕಡೆಗೆ ಉಳಿಯುವುದು ಹಿರಿಯರ ಮಾತು. ಕನ್ನಡ ವಿಕಿಪೀಡಿಯದಲ್ಲಿ ತಪ್ಪಿದೆ, ಭಾಷೆ ಕೆಟ್ಟಿದೆ, ಸ್ವಂತ ಊರಿನ ವಿಷಯವೇ ಇಲ್ಲವೆಂದು ಸಾಹಿತ್ಯಗೋಷ್ಠಿಗಳಲ್ಲಿ ಆಕ್ಷೇಪಿಸುವವರು ಬಹು ಮಂದಿ. ಮುದ್ರಿತ ಗ್ರಂಥದ ವಿಷಯದಲ್ಲಿ ವಿಮರ್ಶಕನ ಕರ್ತವ್ಯವು ದೋಷವನ್ನು ತೋರಿಸುವಲ್ಲಿಗೆ ಮುಗಿಯುತ್ತಿತ್ತು. ತಿದ್ದುವ ಅಧಿಕಾರವು ಅವನಿಗಿರಲಿಲ್ಲ. ಇಲ್ಲಿ ಆ ಅಧಿಕಾರವಿದೆ. ತಪ್ಪನ್ನು ಕಂಡೂ ತಿದ್ದದೆ ಬಂದವನು ಆ ತಪ್ಪಿನಲ್ಲಿ ಪಾಲುಗಾರ. ಹಳಗನ್ನಡವನ್ನು ಬಲ್ಲವರು, ಊರಿನ ಹಳೆಯ ಕೆರೆ ಕಾಲುವೆಗಳನ್ನು ಕಂಡವರು, ಒಂದು ಕಸಬಿನ ಮಾತುಗಳನ್ನು ಪೂರ್ತಿಯಾಗಿ ಬಲ್ಲವರು ತಮ್ಮೊಡನೆಯೇ ಅವನ್ನು ಒಯ್ಯುತ್ತಿದ್ದಾರೆ; ಟೈಪು ಮಾಡಬಲ್ಲ ಮೊಮ್ಮಕ್ಕಳು ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದಾರೆ. ಕಂಡವರ ನೆನಪೊಂದೇ ವಿಕಿಗೆ ಸಾಲದು, ಪ್ರಕಟವಾದ ಆಧಾರವು ಬೇಕೆಂಬುದು ನಿಜ. ಆದಕಾರಣವೇ ಜಿಲ್ಲೆಯ ಸಾಹಿತ್ಯ ಸಂಘಗಳೂ ಅವುಗಳ ಮಾಸಪತ್ರಿಕೆಗಳೂ ಊರಿನ ವೃತ್ತಾಂತವನ್ನು ವಿಚಾರಿಸಿ, ಹಿರಿಯರಿಂದ ಕೇಳಿ, ಒರೆಗೆ ಹಚ್ಚಿ ಅಚ್ಚಿನಲ್ಲಿ ತರಬೇಕು. ಮೊಮ್ಮಕ್ಕಳು ಅದನ್ನು ಆಧಾರವಾಗಿಟ್ಟುಕೊಂಡು ಕೋಶಕ್ಕೆ ಸೇರಿಸಬೇಕು. ವಿಜಯನಗರದ ಹುಡುಗಿಯು ಮುಂದಿನ ವರ್ಷ ತನ್ನ ಊರಿನ ಹೆಸರನ್ನು ಹುಡುಕಿದಾಗ ಹಂಪೆಯ ಗೋಪುರದೊಡನೆ ಅತ್ತಿಗುಪ್ಪೆಯ ಹಳೆಯ ಕಥೆಯೂ ಆಕೆಗೆ ದೊರೆಯುವಂತಾದರೆ, ಆ ಕೋಶವು ಆಕೆಗೆ ಆಪ್ತವಾಯಿತೆನ್ನಬಹುದು.